ಮನೆ ಸಾಲ ಕೇಳುವ ಮೊದಲು ನಮ್ಮ ಸಾಲದ ಚರಿತ್ರೆಯನ್ನು ಸರಿಪಡಿಸಿಕೊಳ್ಳೋಣ



ಈ ಪತ್ರಿಕೆಯ ಪಾಠದ ಪುಟದಲ್ಲಿ ನಾವು ಸಾಮಾನ್ಯವಾಗಿ ಬೋರ್ಡೋ ದ್ರಾವಣ ತಯಾರಿಸುವ ಬಗೆ, ಕಾಫಿಯ ನೆರಳು ನಿರ್ವಹಣೆ, ಅಡಿಕೆ ತೋಟದ ಬಸಿಗಾಲುವೆ ಮುಂತಾದ ವಿಷಯಗಳನ್ನು ಬರೆಯುತ್ತಾ ಬಂದಿದ್ದೇವೆ. ಈ ಸಂಚಿಕೆಯ ಪಾಠ ತೋಟಕ್ಕೆ ಸಂಬಂಧಿಸಿದ್ದಲ್ಲ, ಮನೆಗೆ ಸಂಬಂಧಿಸಿದ್ದು. ಇದನ್ನು ಬರೆಯಲು ಒಂದು ಕಾರಣವಿದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಸದಸ್ಯರೊಬ್ಬರು ಬ್ಯಾಂಕಿನ ಪತ್ರವೊಂದನ್ನು ಹಿಡಿದುಕೊಂಡು ಸಂಘದ ಕಚೇರಿಗೆ ಬಂದರು. ಅವರಿಗೆ ಎರಡು ಎಕರೆ ಅಡಿಕೆ, ಮೂರು ಎಕರೆ ರೋಬಸ್ಟಾ ಇದೆ. ನಮ್ಮ ಸಂಘದ ಲೆಡ್ಜರಿನಲ್ಲಿ ಅವರು ಒಂದು ದಿನವೂ ಸುಸ್ತಿದಾರರಾದವರಲ್ಲ. ಹಳೆಯ ಮನೆಯ ಗೋಡೆ ಮಳೆಗೆ ಕುಸಿದಿದ್ದರಿಂದ ಹೊಸ ಮನೆ ಕಟ್ಟಲು ಬ್ಯಾಂಕಿನಲ್ಲಿ ಸಾಲ ಕೇಳಿದ್ದರು. ಸಾಲ ಕೊಡಲಾಗದು ಎಂದು ಬ್ಯಾಂಕು ಬರೆದಿತ್ತು. ‘ಕಾರ್ಯದರ್ಶಿಗಳೇ, ನಾನು ಯಾರ ದುಡ್ಡು ಮುಳುಗಿಸಿದ್ದೇನೆ, ಹೇಳಿ?’ ಎಂದು ಅವರು ಕೇಳಿದಾಗ ನಮ್ಮ ಬಳಿ ಉತ್ತರವಿರಲಿಲ್ಲ. ಅವರ ಸಾಲದ ವರದಿಯನ್ನು ತರಿಸಿ ಓದಿದ ಮೇಲೆಯೇ ಉತ್ತರ ಸಿಕ್ಕಿದ್ದು. ಆ ಉತ್ತರವನ್ನು ಮುಂದೆ ಹೇಳುತ್ತೇವೆ. ಮನೆ ಸಾಲದ ಯೋಚನೆಯಿರುವ ಪ್ರತಿಯೊಬ್ಬ ಸದಸ್ಯರೂ ಅರ್ಜಿ ಹಾಕಿದ ಮೇಲಲ್ಲ, ಅರ್ಜಿಗೆ ಒಂದು ವರ್ಷ ಮೊದಲೇ ಈ ವರದಿಯನ್ನು ಓದಬೇಕು. ಇಂದಿನ ಪಾಠದ ಸಾರ ಇಷ್ಟೇ.

ಇದೂ ಒಂದು ಪಹಣಿ

ಜಮೀನು ಕೊಳ್ಳುವಾಗ ನಾವು ಮೊದಲು ಪಹಣಿ ತೆಗೆಸುತ್ತೇವೆ. ಹನ್ನೊಂದನೆಯ ಕಾಲಮ್ಮಿನಲ್ಲಿ ಯಾವ ಋಣವಿದೆ ಎಂದು ನೋಡುತ್ತೇವೆ. ಉಪನೋಂದಣಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ತರಿಸುತ್ತೇವೆ. ಜಮೀನಿಗೆ ಪಹಣಿ ಇರುವಂತೆ ಈಗ ಸಾಲಗಾರನಿಗೂ ಒಂದು ಪಹಣಿ ಇದೆ. ಅದೇ ಸಾಲ ಮಾಹಿತಿ ವರದಿ. ಜನರ ಬಾಯಲ್ಲಿ ಅದು ‘ಸಿಬಿಲ್’.

ಸಿಬಿಲ್ ಎಂಬುದು 2000ನೇ ಇಸವಿಯಲ್ಲಿ ಸ್ಥಾಪನೆಯಾದ ಒಂದು ಕಂಪನಿಯ ಹೆಸರು. ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್ ಎನಿಸಿಕೊಂಡಿದೆ. ಇದಲ್ಲದೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ಮೂರು ಕಂಪನಿಗಳಿವೆ. ಈ ನಾಲ್ಕೂ 2005ರ ಸಾಲ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯ್ದೆಯಡಿ, ರಿಸರ್ವ್ ಬ್ಯಾಂಕಿನ ಉಸ್ತುವಾರಿಯಲ್ಲಿ ಕೆಲಸ ಮಾಡುತ್ತವೆ. ನಾವು ಯಾವ ಬ್ಯಾಂಕಿನಲ್ಲಿ, ಯಾವ ಫೈನಾನ್ಸ್ ಕಂಪನಿಯಲ್ಲಿ ಸಾಲ ಪಡೆದರೂ ಆ ಸಂಸ್ಥೆ ನಮ್ಮ ಲೆಕ್ಕವನ್ನು ಇವರಿಗೆ ಕಳಿಸುತ್ತದೆ. 2025ರ ಜನವರಿ 1ರಿಂದ ಈ ಮಾಹಿತಿಯನ್ನು ಹದಿನೈದು ದಿನಕ್ಕೊಮ್ಮೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತು.

ವರದಿಯ ಜೊತೆಗೆ 300ರಿಂದ 900ರವರೆಗಿನ ಒಂದು ಅಂಕವೂ ಇರುತ್ತದೆ. ಅಂಕ ಹೆಚ್ಚಿದಷ್ಟೂ ಒಳ್ಳೆಯದು. ಇಷ್ಟೇ ಅಂಕ ಬೇಕೆಂದು ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ಪ್ರತಿ ಬ್ಯಾಂಕೂ ತನ್ನದೇ ಅಳತೆ ಇಟ್ಟುಕೊಂಡಿದೆ. ಸಾಧಾರಣವಾಗಿ 750ರ ಮೇಲಿದ್ದರೆ ಮನೆ ಸಾಲಕ್ಕೆ ತೊಡಕಿಲ್ಲ. ಎಂದೂ ಸಾಲ ಮಾಡದವರಿಗೆ ಚರಿತ್ರೆಯೇ ಇರುವುದಿಲ್ಲ. ಅದು ದೋಷವಲ್ಲ. ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ಚರಿತ್ರೆಯಿಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ಕೇಂದ್ರ ಹಣಕಾಸು ಸಚಿವಾಲಯ 2025ರಲ್ಲಿ ಸಂಸತ್ತಿನಲ್ಲಿ ಸ್ಪಷ್ಟಪಡಿಸಿದೆ.

ಅಂಕ ಕಡಿಮೆಯಾದರೆ ಸಾಲ ಸಿಗದಿರುವುದು ಒಂದು ನಷ್ಟ. ಸಿಕ್ಕರೂ ಬಡ್ಡಿ ಹೆಚ್ಚಾಗುವುದು ಇನ್ನೊಂದು. ಒಂದು ಲೆಕ್ಕ ನೋಡಿರಿ. 20 ಲಕ್ಷ ರೂಪಾಯಿಯನ್ನು 20 ವರ್ಷಕ್ಕೆ ಶೇಕಡಾ 8.5ರ ಬಡ್ಡಿಯಲ್ಲಿ ಪಡೆದರೆ ತಿಂಗಳ ಕಂತು ಸುಮಾರು 17,356 ರೂಪಾಯಿ. ಅದೇ ಸಾಲ ಶೇಕಡಾ 9.5ರಲ್ಲಿ ಸಿಕ್ಕರೆ ಕಂತು ಸುಮಾರು 18,643 ರೂಪಾಯಿ. ತಿಂಗಳಿಗೆ 1,287 ರೂಪಾಯಿಯ ಅಂತರ. 240 ಕಂತುಗಳಿಗೆ ಮೂರು ಲಕ್ಷ ರೂಪಾಯಿಗೂ ಮೇಲೆ. ಹಣ ಉಳಿಸಲು ಗೊಬ್ಬರದ ಚೀಲಕ್ಕೆ ಇಪ್ಪತ್ತು ರೂಪಾಯಿ ಚೌಕಾಸಿ ಮಾಡುವ ನಾವು ಇದನ್ನು ಅಲಕ್ಷಿಸುವುದು ತರವಲ್ಲ.

ನಮ್ಮದೇ ಒಂದು ಅನುಭವ

ಊರಿಗೆ ಬುದ್ಧಿ ಹೇಳುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. 2018ರಲ್ಲಿ ಪೇಟೆಯ ಒಂದು ಬ್ಯಾಂಕಿನಲ್ಲಿ ಠೇವಣಿ ಇಡಲು ಹೋದಾಗ ಅಲ್ಲಿನವರ ಒತ್ತಾಯಕ್ಕೆ ಕ್ರೆಡಿಟ್ ಕಾರ್ಡೊಂದಕ್ಕೆ ಸಹಿ ಹಾಕಿದೆವು. ಕಾರ್ಡು ಬಂತು, ಬೀರುವಿಗೆ ಹೋಯಿತು. ಒಂದು ದಿನವೂ ಅದನ್ನು ಬಳಸಲಿಲ್ಲ. ಎರಡನೆಯ ವರ್ಷ ವಾರ್ಷಿಕ ಶುಲ್ಕ 500 ರೂಪಾಯಿ, ಅದರ ಮೇಲಿನ ತೆರಿಗೆ 90 ರೂಪಾಯಿ, ಒಟ್ಟು 590 ರೂಪಾಯಿಯನ್ನು ನಮ್ಮ ಹೆಸರಿಗೆ ಖರ್ಚು ಹಾಕಿದರು. ಅಷ್ಟರಲ್ಲಿ ತೋಟದ ಕಣಿವೆಯಲ್ಲಿ ಸಿಗ್ನಲ್ ಸಿಗದೆಂದು ನಾವು ಹಳೆಯ ಮೊಬೈಲ್ ನಂಬರನ್ನು ಬಿಟ್ಟು ಬೇರೆಯದನ್ನು ತೆಗೆದುಕೊಂಡಿದ್ದೆವು. ಅವರು ಕಳಿಸಿದ ಸಂದೇಶಗಳು ಯಾವುದೂ ನಮಗೆ ತಲುಪಲಿಲ್ಲ. ಬಡ್ಡಿಯೂ ದಂಡವೂ ಬೆಳೆದವು.

2021ರ ಜನವರಿಯಲ್ಲಿ ತಂದೆಯವರ ಕಾಲದ ಮಣ್ಣುಗೋಡೆಯ ಮನೆಯನ್ನು ತೆಗೆದು ಹೊಸದನ್ನು ಕಟ್ಟಲು ಸಾಲದ ಅರ್ಜಿ ಹಾಕಿದೆವು. ಬಳಸದೇ ಇದ್ದ ಆ ಕಾರ್ಡಿನ ಒಂಬತ್ತು ಸಾವಿರ ಚಿಲ್ಲರೆ ರೂಪಾಯಿಯ ಸುಸ್ತಿಯಿಂದಾಗಿ ಅರ್ಜಿ ಹಿಂದೆ ಬಂತು. ಸಹಕಾರ ಸಂಘದ ಕಾರ್ಯದರ್ಶಿಯೇ ಸುಸ್ತಿದಾರ! ಹಣ ಕಟ್ಟಿ, ಬೇಬಾಕಿ ಪತ್ರ ಪಡೆದು, ವರದಿಯನ್ನು ತಿದ್ದಿಸಿ, ಅಂಕ ಮೇಲೇರಿ, ಸಾಲ ಮಂಜೂರಾಗುವಾಗ 2022ರ ಫೆಬ್ರವರಿ ಆಗಿತ್ತು. ನಡುವಿನ ಮಳೆಗಾಲವನ್ನು ನಮ್ಮ ವೃದ್ಧ ತಾಯಿಯವರು ಸೋರುವ ಹೆಂಚಿನ ಕೆಳಗೆ ತಾಡಪಾಲು ಕಟ್ಟಿಕೊಂಡು ಕಳೆದರು. 590 ರೂಪಾಯಿಯ ಅಲಕ್ಷ್ಯಕ್ಕೆ ಅವರು ತೆತ್ತ ಬೆಲೆ ಅದು. ಈ ಪಾಠವನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ.

ವರದಿಯನ್ನು ತರಿಸುವುದು, ಓದುವುದು

ಪ್ರತಿಯೊಂದು ಮಾಹಿತಿ ಕಂಪನಿಯೂ ಕೇಳಿದವರಿಗೆ ಕ್ಯಾಲೆಂಡರ್ ವರ್ಷಕ್ಕೆ ಒಂದು ಬಾರಿ ಅಂಕಸಹಿತವಾದ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ರಿಸರ್ವ್ ಬ್ಯಾಂಕಿನ ಈ ಆದೇಶ 2017ರ ಜನವರಿಯಿಂದ ಜಾರಿಯಲ್ಲಿದೆ. ಕಂಪನಿಗಳು ನಾಲ್ಕು, ಆದ್ದರಿಂದ ಮೂರು ತಿಂಗಳಿಗೊಂದರಂತೆ ವರ್ಷಕ್ಕೆ ನಾಲ್ಕು ಬಾರಿ ಖರ್ಚಿಲ್ಲದೆ ನಮ್ಮ ಲೆಕ್ಕವನ್ನು ನೋಡಿಕೊಳ್ಳಬಹುದು. ಕಂಪನಿಯ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆ, ಜನ್ಮ ದಿನಾಂಕ, ಮೊಬೈಲ್ ಸಂಖ್ಯೆ ಕೊಟ್ಟರೆ ವರದಿ ಸಿಗುತ್ತದೆ. ಹಣ ಕಟ್ಟುವ ಯೋಜನೆಗಳೂ ಅಲ್ಲಿ ಎದ್ದು ಕಾಣುತ್ತವೆ. ಅವುಗಳ ಗೋಜಿಗೆ ಹೋಗದೆ ಉಚಿತ ವರದಿಯನ್ನೇ ಆರಿಸಿರಿ. ಮನೆಯ ಮಕ್ಕಳು ಇದನ್ನು ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ. ನಮ್ಮ ವರದಿಯನ್ನು ನಾವೇ ನೋಡಿದರೆ ಅಂಕ ಇಳಿಯುತ್ತದೆಂಬ ಮಾತು ಸುಳ್ಳು.

ಸಾಲದ ಅರ್ಜಿ ಈಗಾಗಲೇ ಬ್ಯಾಂಕಿನಲ್ಲಿದ್ದರೆ, ಬ್ಯಾಂಕು ತರಿಸಿಕೊಂಡ ವರದಿಯ ಪ್ರತಿಯನ್ನು ಕೇಳುವ ಹಕ್ಕು 2005ರ ಕಾಯ್ದೆಯ 21ನೆಯ ಪ್ರಕರಣದಲ್ಲಿ ಅರ್ಜಿದಾರನಿಗಿದೆ. ಸಂಕೋಚಪಡದೆ ಕೇಳಿರಿ.

ವರದಿ ಕೈಗೆ ಬಂದ ಮೇಲೆ ಈ ಕ್ರಮದಲ್ಲಿ ಓದಿರಿ:

1. ಹೆಸರು, ಪ್ಯಾನ್, ಜನ್ಮ ದಿನಾಂಕ, ವಿಳಾಸ, ಮೊಬೈಲ್ ಸಂಖ್ಯೆ ಸರಿಯಿವೆಯೇ ನೋಡಿರಿ. ನಮ್ಮ ಊರುಗಳಲ್ಲಿ ಒಂದೇ ಹೆಸರಿನವರು ನಾಲ್ಕಾರು ಜನ ಇರುತ್ತಾರೆ. ತಂದೆಯ ಹೆಸರೂ ಒಂದೇ ಆಗಿರುವುದುಂಟು. ಇನ್ನೊಬ್ಬರ ಸಾಲ ನಮ್ಮ ಲೆಕ್ಕಕ್ಕೆ ಬಂದು ಕೂರುವ ಸಂಭವವಿದೆ.

2. ಪ್ರತಿಯೊಂದು ಸಾಲದ ಖಾತೆಯನ್ನೂ ನೋಡಿರಿ. ಇದು ನಮ್ಮದೇ? ತೀರಿಸಿದ ಸಾಲ ತೀರಿದೆ ಎಂದು ನಮೂದಾಗಿದೆಯೇ? 2018ರ ಬೆಳೆ ಸಾಲ ಮನ್ನಾದಲ್ಲಿ ಫಲಾನುಭವಿಗಳಾದವರು ಆ ಹಳೆಯ ಖಾತೆ ಏನೆಂದು ನಮೂದಾಗಿದೆ ಎಂಬುದನ್ನು ವಿಶೇಷವಾಗಿ ಪರಿಶೀಲಿಸಬೇಕು.

3. ತಿಂಗಳವಾರು ಪಟ್ಟಿಯನ್ನು ನೋಡಿರಿ. ಸಿಬಿಲ್ ವರದಿಯಲ್ಲಿ 36 ತಿಂಗಳವರೆಗಿನ ಪಾವತಿಯ ವಿವರ ಇರುತ್ತದೆ. ಸೊನ್ನೆಗಳಿದ್ದರೆ ಕಂತು ಸರಿಯಾಗಿ ಹೋಗಿದೆ. 30, 60, 90 ಮುಂತಾದ ಅಂಕಿಗಳಿದ್ದರೆ ಕಂತು ಅಷ್ಟು ದಿನ ಸುಸ್ತಿಯಾಗಿತ್ತೆಂದು ಅರ್ಥ. ಎಸ್‌ಟಿಡಿ ಎಂದರೆ ಸರಿಯಾದ ಖಾತೆ. ಎಸ್‌ಯುಬಿ, ಡಿಬಿಟಿ, ಎಲ್‌ಎಸ್‌ಎಸ್ ಎಂಬ ಅಕ್ಷರಗಳಿದ್ದರೆ ಬ್ಯಾಂಕು ಆ ಸಾಲವನ್ನು ವಸೂಲಾಗದ ಸಾಲವೆಂದು ಎಣಿಸಿದೆ.

4. ‘ಸೆಟಲ್ಡ್’, ‘ರಿಟನ್ ಆಫ್’ ಎಂಬ ಪದಗಳು ಎಲ್ಲಿಯಾದರೂ ಇವೆಯೇ ಹುಡುಕಿರಿ. ಮೊದಲನೆಯದಕ್ಕೆ ಬಾಕಿಯಲ್ಲಿ ಸ್ವಲ್ಪ ಬಿಟ್ಟು ರಾಜಿಯಾದದ್ದು ಎಂದೂ ಎರಡನೆಯದಕ್ಕೆ ಬ್ಯಾಂಕು ಆಸೆ ಬಿಟ್ಟು ಲೆಕ್ಕದಿಂದ ತೆಗೆದದ್ದು ಎಂದೂ ಅರ್ಥ. ಇಂತಹ ಪದ ಕಂಡರೆ ಮನೆ ಸಾಲದ ಅಧಿಕಾರಿ ಪೆನ್ನು ಕೆಳಗಿಡುತ್ತಾರೆ.

5. ಜಾಮೀನುದಾರರಾಗಿ ಅಥವಾ ಸಹ ಸಾಲಗಾರರಾಗಿ ಸಹಿ ಮಾಡಿದ ಸಾಲಗಳನ್ನು ನೋಡಿರಿ. ಮೊದಲು ಹೇಳಿದ ಸದಸ್ಯರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿಯೇ. ನಾಲ್ಕು ವರ್ಷದ ಹಿಂದೆ ಭಾವಮೈದುನನ ಪಿಕಪ್ ವಾಹನದ ಸಾಲಕ್ಕೆ ಅವರು ಜಾಮೀನು ಹಾಕಿದ್ದರು. ವಾಹನಕ್ಕೆ ಬಾಡಿಗೆ ಸಿಗದೆ ಆತ ಐದು ಕಂತು ನಿಲ್ಲಿಸಿದ್ದ. ಭಾವನವರಿಗೆ ಹೇಳಲು ಅವನಿಗೆ ಮುಖವಿರಲಿಲ್ಲ. 1872ರ ಕರಾರು ಕಾಯ್ದೆಯ 128ನೆಯ ಪ್ರಕರಣದ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಇಲ್ಲದ ಪಕ್ಷದಲ್ಲಿ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಮದುವೆ ಮನೆಯಲ್ಲಿ ಊಟದ ಎಲೆಯ ಮುಂದೆ ಹಾಕುವ ಸಹಿಯೂ ಸಹಿಯೇ ಎಂಬುದನ್ನು ನಾವು ಮರೆಯಬಾರದು.

ತಪ್ಪು ನಮೂದಾಗಿದ್ದರೆ

ವರದಿಯ ದೋಷಗಳಲ್ಲಿ ಎರಡು ಬಗೆ. ಬ್ಯಾಂಕಿನವರು ಅಥವಾ ಮಾಹಿತಿ ಕಂಪನಿಯವರು ಬರೆದ ತಪ್ಪು ಒಂದು. ನಾವು ನಿಜವಾಗಿ ಮಾಡಿದ ಸುಸ್ತಿ ಇನ್ನೊಂದು. ಇವೆರಡಕ್ಕೂ ಔಷಧ ಬೇರೆ ಬೇರೆ.

ತಪ್ಪು ನಮೂದಿಗೆ ದೂರು ಕೊಡಬೇಕು. ಮಾಹಿತಿ ಕಂಪನಿಯ ಜಾಲತಾಣದಲ್ಲಿಯೇ ದೂರಿನ ನಮೂನೆ ಇದೆ. ಜೊತೆಗೆ ಸಾಲ ಕೊಟ್ಟ ಬ್ಯಾಂಕಿಗೂ ಲಿಖಿತವಾಗಿ ಬರೆದು ಸ್ವೀಕೃತಿ ಪಡೆಯಿರಿ. ಬ್ಯಾಂಕು ಒಪ್ಪದೆ ಮಾಹಿತಿ ಕಂಪನಿ ತಾನಾಗಿ ಏನನ್ನೂ ತಿದ್ದುವುದಿಲ್ಲ. ಹಣ ಕಟ್ಟಿದ ರಸೀದಿ, ಬೇಬಾಕಿ ಪತ್ರ, ಪಾಸ್ ಪುಸ್ತಕದ ಪ್ರತಿಗಳನ್ನು ಲಗತ್ತಿಸಿರಿ. ‘ನನ್ನ ಸಿಬಿಲ್ ಸರಿಮಾಡಿ’ ಎಂದು ಬರೆದರೆ ಪ್ರಯೋಜನವಿಲ್ಲ. ಯಾವ ಖಾತೆ, ಯಾವ ತಿಂಗಳು, ಏನು ನಮೂದಾಗಿದೆ, ಏನು ಇರಬೇಕಿತ್ತು ಎಂದು ನಾಲ್ಕು ಸಾಲಿನಲ್ಲಿ ಬರೆಯಿರಿ.

ದೂರನ್ನು 30 ದಿನಗಳಲ್ಲಿ ಇತ್ಯರ್ಥಪಡಿಸಬೇಕು. ಇದರಲ್ಲಿ ಬ್ಯಾಂಕು ಸರಿಯಾದ ಮಾಹಿತಿ ಕಳಿಸಲು 21 ದಿನ. ರಿಸರ್ವ್ ಬ್ಯಾಂಕು 2023ರ ಅಕ್ಟೋಬರಿನಲ್ಲಿ ಹೊರಡಿಸಿ 2024ರ ಏಪ್ರಿಲ್‌ನಿಂದ ಜಾರಿಗೆ ತಂದ ಆದೇಶದಂತೆ, 30 ದಿನ ಮೀರಿದರೆ ತಡ ಮಾಡಿದ ಸಂಸ್ಥೆ ದೂರುದಾರನಿಗೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ತಿದ್ದಲು ಒಪ್ಪದಿದ್ದರೆ ಕಾರಣ ತಿಳಿಸಬೇಕು. ಅಷ್ಟಾದರೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು. 2022ರ ಸೆಪ್ಟೆಂಬರ್‌ನಿಂದ ಮಾಹಿತಿ ಕಂಪನಿಗಳನ್ನೂ ಈ ವ್ಯವಸ್ಥೆಯೊಳಗೆ ತರಲಾಗಿದೆ. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 14448 ಸಂಖ್ಯೆಗೆ ಕರೆ ಮಾಡಿದರೆ ವಿವರ ತಿಳಿಸುತ್ತಾರೆ.

ಸುಸ್ತಿ ನಿಜವಾಗಿದ್ದರೆ

ನಿಜವಾದ ಸುಸ್ತಿಯನ್ನು ಯಾವ ದೂರೂ ಅಳಿಸಲಾರದು. ಮಾಹಿತಿ ಕಂಪನಿಗಳು ಕನಿಷ್ಠ ಏಳು ವರ್ಷ ಈ ಮಾಹಿತಿಯನ್ನು ಉಳಿಸಿಕೊಳ್ಳುತ್ತವೆ. ಆದರೆ ಹೆದರಬೇಕಾಗಿಲ್ಲ. ಕೊಳೆರೋಗ ಬಂದ ವರ್ಷದ ಬೆಳೆ ಮರಳಿ ಬರುವುದಿಲ್ಲ. ಮರ ಉಳಿದಿದ್ದರೆ ಮುಂದಿನ ವರ್ಷದ ಬೆಳೆ ಬರುತ್ತದೆ. ಸಾಲ ಕೊಡುವವರು ಇತ್ತೀಚಿನ ತಿಂಗಳುಗಳ ನಡತೆಗೆ ಹೆಚ್ಚು ಬೆಲೆ ಕೊಡುತ್ತಾರೆ. ಮಾಡಬೇಕಾದ ಕೆಲಸಗಳು ಇವು:

ಮೊದಲನೆಯದಾಗಿ, ಈಗ ಸುಸ್ತಿಯಲ್ಲಿರುವುದನ್ನು ಕಟ್ಟಿರಿ. ಚಿಕ್ಕ ಬಾಕಿಯಿಂದಲೇ ಆರಂಭಿಸಿರಿ. ಚಿಕ್ಕದೆಂದು ಬಿಟ್ಟದ್ದೇ ನಮಗೆ ಒಂದು ವರ್ಷ ತಿಂದಿತು.

ಎರಡನೆಯದಾಗಿ, ಓಟಿಎಸ್ ಎಂಬ ಒಂದೇ ಗಂಟಿನ ತೀರುವಳಿಗೆ ಒಪ್ಪುವ ಮೊದಲು ಯೋಚಿಸಿರಿ. ಬಡ್ಡಿ ಬಿಡುತ್ತಾರೆಂಬ ಸಂತೋಷ ಆ ದಿನಕ್ಕೆ ಸರಿ. ವರದಿಯಲ್ಲಿ ಉಳಿಯುವುದು ‘ಸೆಟಲ್ಡ್’ ಎಂಬ ಪದ. ಬೇರೆ ದಾರಿಯೇ ಇಲ್ಲದವರಿಗೆ ಅದು ಆಸರೆ, ನಿಜ. ಮನೆ ಸಾಲದ ಆಸೆ ಇರುವವರು ಮಾತ್ರ ಸಾಧ್ಯವಾದಷ್ಟೂ ಪೂರ್ತಿ ಕಟ್ಟುವುದೇ ಲೇಸು. ಹಿಂದೆ ಹೀಗೆ ತೀರಿಸಿದವರು ಬ್ಯಾಂಕಿಗೆ ಹೋಗಿ, ಆಗ ಬಿಟ್ಟ ಮೊತ್ತವನ್ನು ಈಗ ಕಟ್ಟಿದರೆ ಖಾತೆಯನ್ನು ಪೂರ್ಣ ತೀರಿದೆ ಎಂದು ನಮೂದಿಸುವಿರಾ ಎಂದು ಕೇಳಿರಿ. ಲಿಖಿತ ಒಪ್ಪಿಗೆ ಸಿಕ್ಕ ಮೇಲೆಯೇ ಹಣ ಕಟ್ಟಿರಿ.

ಮೂರನೆಯದಾಗಿ, ಬಳಸದ ಕ್ರೆಡಿಟ್ ಕಾರ್ಡನ್ನು ಬಾಕಿ ತೀರಿಸಿ ಲಿಖಿತವಾಗಿ ಮುಚ್ಚಿಸಿರಿ. ಬಾಕಿಯಿಲ್ಲದ ಕಾರ್ಡನ್ನು ಕೋರಿಕೆ ಬಂದ ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ ದಿನಕ್ಕೆ 500 ರೂಪಾಯಿ ದಂಡ ಕೊಡಬೇಕೆಂದು ರಿಸರ್ವ್ ಬ್ಯಾಂಕು 2022ರಲ್ಲಿ ವಿಧಿಸಿದೆ. ಬಳಸುವ ಕಾರ್ಡಾದರೆ ಮಿತಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬಳಸದಿರುವುದು, ಪ್ರತಿ ತಿಂಗಳೂ ಪೂರ್ತಿ ಕಟ್ಟುವುದು ಒಳ್ಳೆಯ ಅಭ್ಯಾಸ.

ನಾಲ್ಕನೆಯದಾಗಿ, ಅರ್ಜಿಗೆ ಮೊದಲಿನ ವರ್ಷ ಹೊಸ ಸಾಲ ಬೇಡ. ಹಬ್ಬದ ಸಮಯದಲ್ಲಿ ಕಂತಿನ ಮೇಲೆ ಟಿ.ವಿ., ಮೊಬೈಲು, ದ್ವಿಚಕ್ರ ವಾಹನ ಕೊಡುತ್ತೇವೆಂದು ಕರೆಯುವವರು ಬಹಳ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವವರೂ ಇದ್ದಾರೆ. ಒಂದೇ ಕಾಲದಲ್ಲಿ ನಾಲ್ಕು ಬ್ಯಾಂಕುಗಳಿಗೆ ಅರ್ಜಿ ಹಾಕುವುದೂ ತಪ್ಪು. ಪ್ರತಿ ಬ್ಯಾಂಕು ವರದಿ ತರಿಸಿದ್ದೂ ವರದಿಯಲ್ಲಿ ದಾಖಲಾಗುತ್ತದೆ. ಇವರಿಗೆ ಎಲ್ಲಿಯೂ ಸಾಲ ಸಿಗುತ್ತಿಲ್ಲವೆಂಬ ಶಂಕೆಗೆ ಎಡೆಯಾಗುತ್ತದೆ.

ಐದನೆಯದಾಗಿ, ಜಾಮೀನು ಹಾಕಿದ ಸಾಲ ಸುಸ್ತಿಯಾಗಿದ್ದರೆ ಸಾಲಗಾರನನ್ನು ಕೂರಿಸಿಕೊಂಡು ಮಾತಾಡಿರಿ. ನಮ್ಮ ಸದಸ್ಯರು ಹಾಗೆಯೇ ಮಾಡಿದರು. ಪಿಕಪ್ಪನ್ನು ಮಾರಿ ಬಂದ ಹಣಕ್ಕೆ ಸ್ವಲ್ಪ ತಾವೂ ಸೇರಿಸಿ ಸಾಲವನ್ನು ಪೂರ್ತಿ ತೀರಿಸಿದರು. ಮಾತು ಬೆಳೆಯಲಿಲ್ಲ, ನೆಂಟಸ್ತಿಕೆಯೂ ಉಳಿಯಿತು.

ಸುಸ್ತಿಯ ಮೂಲ ಎಲ್ಲಿದೆ?

ನಮ್ಮಂತಹ ಸಣ್ಣ ಬೆಳೆಗಾರರ ವರದಿಯಲ್ಲಿ ಸುಸ್ತಿ ಕಾಣುವುದು ಹಣವೇ ಇಲ್ಲದೆ ಎಂದಲ್ಲ. ಹಣ ಬರುವ ಕಾಲ ಒಂದು, ಕಂತಿನ ಕಾಲ ಇನ್ನೊಂದು. ಅಡಿಕೆಯ ಕೊಯ್ಲು, ಕಾಫಿಯ ಕೊಯ್ಲು, ಎರಡೂ ಮುಖ್ಯವಾಗಿ ಮಳೆ ಮುಗಿದ ಮೇಲಿನ ನಾಲ್ಕೈದು ತಿಂಗಳಲ್ಲಿ. ಒಣಗಿಸಿ, ಮಂಡಿಗೋ ಕ್ಯೂರಿಂಗಿಗೋ ಕಳಿಸಿ, ದರ ನೋಡಿ ಮಾರುವಾಗ ಯುಗಾದಿ ಬಂದಿರುತ್ತದೆ. ಜೂನ್ ತಿಂಗಳಿಗೆ ಶಾಲೆಯ ಫೀಸು, ಗೊಬ್ಬರ, ಔಷಧಿ ಸಿಂಪರಣೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಕೈ ಪೂರ್ತಿ ಖಾಲಿ. ಮನೆ ಸಾಲದ ಕಂತಿಗೆ ಇದು ಯಾವುದೂ ಗೊತ್ತಿಲ್ಲ. ಅದು ತಿಂಗಳ ಸಂಬಳದವರಿಗಾಗಿ ಹುಟ್ಟಿದ ಲೆಕ್ಕ.

ಬೆಳೆ ಸಾಲವನ್ನು ವಸೂಲಾಗದ ಸಾಲವೆಂದು ವರ್ಗೀಕರಿಸಲು ಬೆಳೆಯ ಹಂಗಾಮನ್ನು ಗಮನಿಸುವ ನಿಯಮವಿದೆ. ಮನೆ ಸಾಲಕ್ಕೆ ಆ ರಿಯಾಯಿತಿ ಇಲ್ಲ. ಕಂತು 90 ದಿನ ಮೀರಿ ಬಾಕಿಯಾದರೆ ಅದು ವಸೂಲಾಗದ ಸಾಲ. ಆ ಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟೀಸು ಕೊಟ್ಟು, ಅಡವಿಟ್ಟ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳುವ ಅಧಿಕಾರ ಬ್ಯಾಂಕಿಗೆ ಬರುತ್ತದೆ. ಆದ್ದರಿಂದ ಚರಿತ್ರೆಯನ್ನು ಒಮ್ಮೆ ತಿದ್ದಿಕೊಂಡರೆ ಸಾಲದು. ಕಾಲದ ಈ ಅಂತರವನ್ನೇ ಮುಚ್ಚಿಕೊಳ್ಳಬೇಕು.

ಅದಕ್ಕೆ ನಾವು ಅನುಸರಿಸುತ್ತಿರುವ ಕ್ರಮ ಸರಳ. ಕಂತಿಗೆಂದೇ ಒಂದು ಬೇರೆ ಉಳಿತಾಯ ಖಾತೆ. ಅಡಿಕೆ ಮಾರಿದ ಹಣ ಕೈಗೆ ಬಂದ ವಾರದಲ್ಲಿಯೇ ಮುಂದಿನ ಹನ್ನೆರಡು ಕಂತಿನ ಹಣ ಆ ಖಾತೆಗೆ. ಮೇಲಿನ ಲೆಕ್ಕದ 17,356 ರೂಪಾಯಿ ಕಂತಾದರೆ ವರ್ಷಕ್ಕೆ 2,08,272 ರೂಪಾಯಿ. ಪ್ರತಿ ತಿಂಗಳು ಬ್ಯಾಂಕು ತಾನೇ ಅದರಿಂದ ಕಂತನ್ನು ತೆಗೆದುಕೊಳ್ಳುವಂತೆ ಬರೆದುಕೊಡಬೇಕು. ಆ ಖಾತೆಯ ಹಣಕ್ಕೆ ಜಾತ್ರೆಯಿಲ್ಲ, ಮದುವೆಯಿಲ್ಲ. ಅಷ್ಟು ಹಣವನ್ನು ಒಂದೇ ಸಲ ತೆಗೆದಿಡಲು ತೋಟದ ಆದಾಯ ಸಾಲದೆಂದು ಕಂಡರೆ, ಕೇಳುತ್ತಿರುವ ಸಾಲವೇ ನಮ್ಮ ಶಕ್ತಿಗೆ ಮೀರಿದ್ದೆಂದು ತಿಳಿಯಬೇಕು. ಎರಡು ಕೋಣೆ ಕಡಿಮೆ ಕಟ್ಟಬಹುದು. ಕೃಷಿಕರಿಗೆ ಅರ್ಧ ವಾರ್ಷಿಕ ಅಥವಾ ವಾರ್ಷಿಕ ಕಂತಿನ ಅನುಕೂಲ ಇದೆಯೇ ಎಂದು ಸಾಲ ಪಡೆಯುವ ಮೊದಲೇ ಬ್ಯಾಂಕಿನಲ್ಲಿ ಕೇಳಿ ನೋಡುವುದೂ ಒಳ್ಳೆಯದು.

ಒಂದು ವರ್ಷದ ಕಾರ್ಯಕ್ರಮ

ಮುಂದಿನ ಮೇ ತಿಂಗಳಲ್ಲಿ ಅರ್ಜಿ ಹಾಕಿ, ಮಳೆ ನಿಂತ ಮೇಲೆ ತಳಪಾಯ ಹಾಕಬೇಕೆನ್ನುವವರಿಗೆ ಈ ವೇಳಾಪಟ್ಟಿ:

ಜೂನ್: ಮಳೆಗೆ ತೋಟದ ಕೆಲಸ ನಿಂತ ದಿನ ಎರಡು ಕಂಪನಿಗಳ ವರದಿ ತೆಗೆಸಿ ಓದಿರಿ.

ಜುಲೈ, ಆಗಸ್ಟ್: ತಪ್ಪುಗಳಿಗೆ ದೂರು. ಹಳೆಯ ರಸೀದಿ, ಬೇಬಾಕಿ ಪತ್ರಗಳನ್ನು ಹುಡುಕಿ ಒಂದು ಕಡತ ಮಾಡಿರಿ.

ಸೆಪ್ಟೆಂಬರ್, ಅಕ್ಟೋಬರ್: ಚಿಕ್ಕ ಬಾಕಿಗಳನ್ನು ತೀರಿಸಿರಿ. ಹಬ್ಬದ ಕಂತಿನ ಖರೀದಿ ಬೇಡ.

ನವೆಂಬರಿನಿಂದ ಫೆಬ್ರವರಿ: ಬೆಳೆಯ ಮೊದಲ ಹಣ ದೊಡ್ಡ ಸುಸ್ತಿಗೆ. ಜನವರಿ ಬಂದೊಡನೆ ಹೊಸ ವರ್ಷದ ಉಚಿತ ವರದಿ ಲಭ್ಯ. ತಿದ್ದುಪಡಿ ಆಗಿದೆಯೇ ನೋಡಿರಿ.

ಮಾರ್ಚ್: ಬೆಳೆ ಸಾಲವನ್ನು ಗಡುವಿನೊಳಗೆ ಕಟ್ಟಿ ನವೀಕರಿಸಿರಿ. ಗಡುವು ತಪ್ಪಿದರೆ ಬಡ್ಡಿ ರಿಯಾಯಿತಿಯೂ ಹೋಗುತ್ತದೆ, ವರದಿಗೂ ಕಲೆ ಬೀಳುತ್ತದೆ.

ಏಪ್ರಿಲ್: ಉಳಿದ ಇನ್ನೊಂದು ಕಂಪನಿಯ ವರದಿ ತೆಗೆಸಿ ಕೊನೆಯ ಪರಿಶೀಲನೆ.

ಮೇ: ಒಂದೇ ಬ್ಯಾಂಕಿಗೆ ಒಂದೇ ಅರ್ಜಿ.

ಎರಡು ಎಚ್ಚರಿಕೆಗಳು

ಪೇಟೆಯಲ್ಲಿ ಈಗ ‘ಸಿಬಿಲ್ ಸರಿಮಾಡಿಸಿಕೊಡುತ್ತೇವೆ’ ಎಂಬ ಫಲಕಗಳು ಕಾಣುತ್ತವೆ. ಮೇಲೆ ವಿವರಿಸಿದ್ದಕ್ಕಿಂತ ಹೆಚ್ಚಿನದೇನನ್ನೂ ಯಾವ ಮಧ್ಯವರ್ತಿಯೂ ಮಾಡಲಾರ. ನಿಜವಾದ ಸುಸ್ತಿಯನ್ನು ಅಳಿಸುತ್ತೇನೆಂದು ಹಣ ಕೇಳುವವನು ಮೋಸಗಾರ. ಅಂತಹವರ ಕೈಗೆ ಪ್ಯಾನ್, ಆಧಾರ್ ಪ್ರತಿಗಳನ್ನಾಗಲಿ ಮೊಬೈಲಿಗೆ ಬರುವ ಓಟಿಪಿಯನ್ನಾಗಲಿ ಕೊಟ್ಟರೆ ನಮ್ಮ ಹೆಸರಿನಲ್ಲಿ ಹೊಸ ಸಾಲವೇ ಹುಟ್ಟಬಹುದು.

ಎರಡನೆಯದು, ಸಾಲ ತೀರಿದ ದಿನವೇ ಕೆಲಸ ಮುಗಿಯಿತೆಂದು ಎದ್ದು ಬರಬೇಡಿರಿ. ಬೇಬಾಕಿ ಪತ್ರ ಪಡೆಯಿರಿ. ಪೂರ್ತಿ ತೀರಿದ ಸಾಲಕ್ಕೆ ಅಡವಿಟ್ಟ ಮೂಲ ಪತ್ರಗಳನ್ನು 30 ದಿನಗಳೊಳಗೆ ಹಿಂದಿರುಗಿಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಈ ನಿಯಮವಿದೆ. ಪಹಣಿಯ ಹನ್ನೊಂದನೆಯ ಕಾಲಮ್ಮಿನಿಂದ ಋಣವನ್ನು ತೆಗೆಸಿರಿ. ಎರಡು ತಿಂಗಳ ನಂತರ ಸಾಲ ಮಾಹಿತಿ ವರದಿಯಲ್ಲಿ ಖಾತೆ ಮುಕ್ತಾಯವಾಗಿದೆಯೇ ಎಂದು ನೋಡಿರಿ. ಜಮೀನಿನ ಪಹಣಿ, ಸಾಲಗಾರನ ಪಹಣಿ, ಎರಡೂ ಶುದ್ಧವಾದಾಗಲೇ ಸಾಲ ತೀರಿತೆಂದು ಲೆಕ್ಕ.

ಕೊನೆಯದಾಗಿ

ಪಿಕಪ್ ವಾಹನಕ್ಕೆ ಜಾಮೀನು ಹಾಕಿದ್ದ ನಮ್ಮ ಸದಸ್ಯರು ಈ ವರ್ಷ ಮತ್ತೆ ಅರ್ಜಿ ಹಾಕಲಿದ್ದಾರೆ. ಅವರ ವರದಿಯಲ್ಲಿ ಆ ಸಾಲ ಈಗ ತೀರಿದೆ ಎಂದು ನಮೂದಾಗಿದೆ, ಅಂಕವೂ ಮೇಲೇರಿದೆ. ಕಳೆದ ಮಳೆಗಾಲವನ್ನು ಅವರ ಕುಟುಂಬ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಕಳೆಯಿತು. ಒಂದು ವರ್ಷ ಮೊದಲೇ ವರದಿ ಓದಿದ್ದರೆ ಆ ಮಳೆಗಾಲವೂ ಹೊಸ ಸೂರಿನಡಿ ಕಳೆಯುತ್ತಿತ್ತು ಎಂದು ಅವರೇ ಹೇಳಿದರು. ಹೆಸರು ಹಾಕದೆ ಬರೆಯಲು ಅನುಮತಿಯನ್ನೂ ಕೊಟ್ಟರು.

ವರದಿ ತೆಗೆಯಲು, ದೂರು ಬರೆಯಲು ತೊಡಕಾಗುವ ಸದಸ್ಯರು ಪ್ಯಾನ್ ಕಾರ್ಡು, ಬ್ಯಾಂಕಿನಲ್ಲಿ ನೋಂದಾಯಿಸಿದ ಮೊಬೈಲು, ಹಳೆಯ ರಸೀದಿಗಳ ಸಹಿತ ಸಂಘದ ಕಚೇರಿಗೆ ಬರಬಹುದು. ಓಟಿಪಿಯನ್ನು ತಾವೇ ಒತ್ತಬೇಕು, ನಮಗೂ ಹೇಳಬಾರದು. ವರದಿಯಲ್ಲಿ ಕಲೆಯಿದ್ದರೆ ನಾಚಿಕೆಪಡಬೇಕಾಗಿಲ್ಲ. ಈ ಕಚೇರಿಯಲ್ಲಿ ಕುಳಿತವರ ವರದಿಯಲ್ಲಿಯೂ ಒಂದು ಕಾಲಕ್ಕೆ ಕಲೆಯಿತ್ತು.